ಪೈಪಿಐಗೆ ಹಾಕಿದ್ದನ್ನು ಅಳಿಸಬಹುದಾ?

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ನಮ್ಮ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿ ಎಲ್ಲ ನುಡಿ ಫಾಂಟ್‌ನಲ್ಲಿವೆ. ಅವನ್ನು ಯೂನಿಕೋಡ್‌ಗೆ ತರಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ‘ಪೈಪಿಐಗೆ ಹಾಕಿಬಿಡು, ಎಲ್ಲರೂ ಪಿಪ್ ಇನ್‌ಸ್ಟಾಲ್ ಮಾಡಿಕೊಳ್ಳಲಿ’ ಅನ್ನುತ್ತಾರೆ ಗೆಳೆಯರು. (ಪೈಪಿಐ ಅಂದರೆ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರ, ಪಿಪ್ ಅಂದರೆ ಅಲ್ಲಿಂದ ಪ್ಯಾಕೇಜ್ ಇಳಿಸಿಕೊಳ್ಳುವ ಟೂಲ್.) ಹೇಗೆ ಹಾಕುವುದು ಸರ್? ತಪ್ಪಾದರೆ ಅಳಿಸಿ ಮತ್ತೆ ಹಾಕಬಹುದು, ಅಲ್ವಾ?

ಉತ್ತರ: ಅಳಿಸಬಹುದು. ಆದರೆ ಅದೇ ಫೈಲ್ ಹೆಸರಿನಲ್ಲಿ ಮತ್ತೆ ಹಾಕಲು ಪೈಪಿಐ ಬಿಡುವುದಿಲ್ಲ. 0.1.0 ಹಾಕಿದಿರಿ, ಅದರಲ್ಲಿ ತಪ್ಪು ಕಂಡಿತು ಅಂದರೆ ಮುಂದಿನದು 0.1.1. ನಂಬರಿಗೇನೂ ಬರವಿಲ್ಲ, ಬೇಜಾರು ಬೇಡ.

ಕೆಟ್ಟ ಆವೃತ್ತಿಯನ್ನು ಅಳಿಸುವ ಬದಲು ‘ಯಾಂಕ್’ ಮಾಡುವುದು ಒಳ್ಳೆಯದು. ಆಗ ಪಿಪ್ ಅದನ್ನು ಹೊಸಬರಿಗೆ ಕೊಡುವುದಿಲ್ಲ. ಅದೇ ನಂಬರನ್ನು ತಮಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಲ್ಲಿ ಬರೆದುಕೊಂಡವರಿಗೆ ಮಾತ್ರ ಸಿಗುತ್ತದೆ, ಅವರ ಕೆಲಸ ನಿಲ್ಲುವುದಿಲ್ಲ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್‌ನವರ ಇಂಥದ್ದೇ ಭಂಡಾರವಾದ ಎನ್‌ಪಿಎಂನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರೇ ತೆಗೆದುಬಿಟ್ಟರು. ಅದನ್ನು ನಂಬಿದ್ದ ಅದೆಷ್ಟೋ ಬಿಲ್ಡ್‌ಗಳು ಜಗತ್ತಿನಾದ್ಯಂತ ಮುರಿದುಬಿದ್ದವು. ಆಮೇಲೆ ಅಲ್ಲಿ ನಿಯಮ ಬಿಗಿಯಾಯಿತು. ಈಗ 72 ಗಂಟೆ ದಾಟಿದರೆ ಸುಲಭಕ್ಕೆ ತೆಗೆಯಲು ಬರುವುದಿಲ್ಲ.

ನಂಬರಿಗಿಂತ ನನಗೆ ಭಯ ಇರುವುದು ನಿಮ್ಮ ಸದಸ್ಯರ ಪಟ್ಟಿಯ ಮೇಲೆ. ಅದನ್ನೇ ಟೆಸ್ಟ್ ಫೋಲ್ಡರ್‌ನಲ್ಲಿ ಮಾದರಿಯಾಗಿ ಇಟ್ಟಿದ್ದೀರಾ? ಹಾಗಿದ್ದರೆ ಹತ್ತಾರು ಮನೆಗಳ ವಿಳಾಸ, ಫೋನ್ ನಂಬರ್ ಪ್ಯಾಕೇಜಿನ ಜೊತೆ ಹೊರಗೆ ಹೋಗುತ್ತವೆ. ಪೈಪಿಐಯನ್ನು ನಕಲು ಮಾಡಿಟ್ಟುಕೊಳ್ಳುವ ಮಿರರ್‌ಗಳು ಬೇಕಾದಷ್ಟಿವೆ. ನೀವು ಅಳಿಸುವಷ್ಟರಲ್ಲಿ ಬೇರೆ ಕಡೆ ಸೇರಿರುತ್ತದೆ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಪಕ್ಕದ ಮನೆ ಕಾಕಾನ ಫೋನ್ ನಂಬರ್ ಬದಲಾಯಿಸಲು ಆಗುತ್ತದಾ? ಆ ಪಟ್ಟಿ ತೆಗೆದು ನೀವೇ ನಾಲ್ಕು ಸಾಲು ಬರೆದಿಡಿ. ‘ಸೂರ್ಯ’, ‘ಧರ್ಮ’ದಂಥ ಪದಗಳು ಇರಲೇಬೇಕು. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವ ಕೋಡ್ ಅಲ್ಲೇ ಎಡವುತ್ತದೆ.

ಹಾಗಾಗಿ ಅಪ್‌ಲೋಡ್ ಮಾಡುವ ಮೊದಲು ಪ್ಯಾಕೇಜ್ ಬಿಚ್ಚಿ ನೋಡಿ. ಪ್ಯಾಕೇಜ್ ಕಟ್ಟುವ ‘ಬಿಲ್ಡ್’ ಟೂಲ್ ಓಡಿಸಿದರೆ ಡಿಸ್ಟ್ ಫೋಲ್ಡರ್‌ನಲ್ಲಿ ಒಂದು ವೀಲ್ (ಪಿಪ್ ನೇರವಾಗಿ ಹಾಕಿಕೊಳ್ಳುವ ಪ್ಯಾಕೇಜ್), ಒಂದು ಟಾರ್ ಫೈಲ್ (ಮೂಲ ಕೋಡ್‌ನ ಕಟ್ಟು) ಬರುತ್ತವೆ. ವೀಲ್ ಅಂದರೆ ಜಿಪ್ ಫೈಲೇ, ಎಕ್ಸ್‌ಟೆನ್ಷನ್ ಬದಲಿಸಿದರೆ ತೆರೆದುಕೊಳ್ಳುತ್ತದೆ. ಟಾರ್ ಅನ್ನೂ ಬಿಡಬೇಡಿ. ಪ್ಯಾಕೇಜ್ ಕಟ್ಟಲು ಹ್ಯಾಚ್‌ಲಿಂಗ್ ಬಳಸಿದ್ದರೆ, ಗಿಟ್‌ಇಗ್ನೋರ್‌ನಲ್ಲಿ (ಗಿಟ್‌ಗೆ ಬೇಡದ ಫೈಲುಗಳ ಪಟ್ಟಿ) ಹೆಸರಿಲ್ಲದ ಎಲ್ಲ ಫೈಲುಗಳನ್ನೂ ಅದು ತಾನಾಗಿ ಟಾರ್‌ಗೆ ತುಂಬುತ್ತದೆ.

ಬೇಡದ್ದು ಸೇರುವಂತೆ ಬೇಕಾದದ್ದು ಬಿಟ್ಟುಹೋಗುವುದೂ ಉಂಟು. ಅಕ್ಷರಗಳ ಹೊಂದಾಣಿಕೆ ಪಟ್ಟಿಯನ್ನು ಜೇಸನ್ ಫೈಲಿನಲ್ಲಿ ಇಟ್ಟಿದ್ದರೆ ಹುಷಾರು. ಪ್ಯಾಕೇಜ್ ಕಟ್ಟಲು ಸೆಟಪ್‌ಟೂಲ್ಸ್ ಬಳಸುತ್ತಿದ್ದು ಅದಕ್ಕೆ ಹೇಳದಿದ್ದರೆ ಅದು ವೀಲ್‌ಗೆ ಬರದೇ ಇರಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ, ಯಾಕಂದರೆ ಫೈಲ್ ಪಕ್ಕದಲ್ಲೇ ಇದೆ. ಬೇರೆಯವರಲ್ಲಿ ‘ಫೈಲ್ ಸಿಗಲಿಲ್ಲ’ ಅನ್ನುತ್ತದೆ. ಬೇರೆ ಫೋಲ್ಡರ್‌ನಲ್ಲಿ ಹೊಸ ವರ್ಚುವಲ್ ಎನ್ವಿರಾನ್ಮೆಂಟ್ (ಪೈಥಾನ್‌ಗೆ ಪ್ರತ್ಯೇಕ ಖಾಲಿ ಜಾಗ) ಮಾಡಿ, ವೀಲ್ ಹಾಕಿಕೊಂಡು ಓಡಿಸಿ. ಟೆಸ್ಟರ್ ಆದ ನಿಮಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ.

ಅಪ್‌ಲೋಡ್ ಅಂತೂ ಸಣ್ಣ ಕೆಲಸ. ಪೈಪ್ರಾಜೆಕ್ಟ್ ಡಾಟ್ ಟಾಮಲ್ ಫೈಲಿನಲ್ಲಿ ಹೆಸರು, ಆವೃತ್ತಿ, ಲೈಸೆನ್ಸ್, ಯಾವ ಪೈಥಾನ್ ಬೇಕು ಅಂತ ಬರೆಯಿರಿ. ಮೊದಲು ಪ್ರಯೋಗಕ್ಕೆಂದೇ ಇರುವ ಟೆಸ್ಟ್ ಪೈಪಿಐನಲ್ಲಿ, ಟ್ವೈನ್ ಎಂಬ ಅಪ್‌ಲೋಡ್ ಟೂಲ್‌ನಿಂದ ಹಾಕಿ ನೋಡಿ. ಅದಕ್ಕೆ ಅಕೌಂಟ್ ಬೇರೆಯೇ ಬೇಕು. 2024ರ ಜನವರಿ 1ರಿಂದ ಪೈಪಿಐನಲ್ಲಿ ಎರಡು ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ. ಅದು ಕೊಡುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಅಪ್‌ಲೋಡ್‌ಗೆ ಪಾಸ್‌ವರ್ಡ್ ಬದಲು ಟೋಕನ್ ಎಂಬ ಗುಟ್ಟಿನ ಕೋಡ್ ಬೇಕು. ಪ್ರಾಜೆಕ್ಟ್ ಇನ್ನೂ ಇಲ್ಲದ್ದರಿಂದ ಮೊದಲ ಸಲದ ಟೋಕನ್ ಇಡೀ ಅಕೌಂಟಿನದು. ಹಾಕಿದ ತಕ್ಷಣ ಅದನ್ನು ರದ್ದು ಮಾಡಿ, ಆ ಪ್ರಾಜೆಕ್ಟಿಗೆ ಮಾತ್ರ ನಡೆಯುವ ಟೋಕನ್ ಮಾಡಿಕೊಳ್ಳಿ.

ನೀವು ಕೇಳದ ಒಂದು ಮಾತು. ಇದನ್ನು ಬರೆದದ್ದು ಯಾವಾಗ, ಯಾರ ಲ್ಯಾಪ್‌ಟಾಪ್‌ನಲ್ಲಿ? 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಹಕ್ಕು ಮಾಲೀಕರದು. ಸಂಘದ ಕೆಲಸ ನೌಕರಿಯ ಭಾಗವಲ್ಲ, ನಿಜ. ಆದರೆ ಕೆಲವು ಕಂಪನಿಗಳ ನೇಮಕಾತಿ ಪತ್ರದಲ್ಲಿ ಬಿಡುವಿನ ಕೆಲಸವನ್ನೂ ಎಳೆದುಕೊಳ್ಳುವ ಸಾಲುಗಳಿರುತ್ತವೆ. ಓದಿ. ಅನುಮಾನ ಬಂದರೆ ಎಚ್‌ಆರ್‌ಗೆ ಕೇಳಿ ಒಪ್ಪಿಗೆಯನ್ನು ಮೇಲ್‌ನಲ್ಲೇ ತಗೊಳ್ಳಿ, ಕ್ಯಾಂಟೀನಿನಲ್ಲಿ ‘ಪರವಾಗಿಲ್ಲ’ ಅಂದದ್ದು ಸಾಲದು. ಅಕೌಂಟನ್ನಂತೂ ಸ್ವಂತ ಇಮೇಲ್‌ನಲ್ಲೇ ತೆರೆಯಿರಿ.

ಲೈಸೆನ್ಸ್ ಹಾಕದಿದ್ದರೆ ಕಾನೂನಿನ ಪ್ರಕಾರ ಬೇರೆಯವರು ನಿಮ್ಮ ಕೋಡ್ ಬಳಸುವಂತಿಲ್ಲ. ಇಂಥ ಸಣ್ಣ ಕೆಲಸಕ್ಕೆ ಹೆಚ್ಚು ಷರತ್ತಿಲ್ಲದ ಎಂಐಟಿ ಲೈಸೆನ್ಸ್ ಸಾಕು. ಆದರೆ ಹೊಂದಾಣಿಕೆ ಪಟ್ಟಿಯನ್ನು ಬೇರೆ ಕನ್ವರ್ಟರ್‌ನಿಂದ ತಗೊಂಡಿದ್ದರೆ ಅದರ ಲೈಸೆನ್ಸ್ ನೋಡಿ. ಅದು ಜಿಪಿಎಲ್ (ಬದಲಿಸಿ ಹಂಚುವವರೂ ಅದೇ ಲೈಸೆನ್ಸ್ ಕೊಡಬೇಕು ಅನ್ನುವ ಲೈಸೆನ್ಸ್) ಆಗಿದ್ದರೆ ನಿಮ್ಮದಕ್ಕೆ ಸುಮ್ನೆ ಎಂಐಟಿ ಅಂಟಿಸಲು ಬರುವುದಿಲ್ಲ. ಹಾಗೆ ನೋಡಿದರೆ ನುಡಿಯಿಂದ ಯೂನಿಕೋಡ್‌ಗೆ ಕನ್ವರ್ಟರ್‌ಗಳು ಈಗಾಗಲೇ ಇವೆ. ಒಮ್ಮೆ ಹುಡುಕಿ. ನಿಮ್ಮದು ಅರ್ಕಾವೊತ್ತನ್ನು ಅವಕ್ಕಿಂತ ಚೆನ್ನಾಗಿ ನಿಭಾಯಿಸಿದರೆ ಖಂಡಿತ ಹಾಕಿ.

ಪ್ರಶ್ನೆ: ಪ್ಯಾಕೇಜಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದೇ? (ವಾಸ್ಕೋ, ಗೋವಾದಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ. ಪೈಪಿಐನಲ್ಲಿ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಇಷ್ಟೇ. ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಮೂರೂ ಅಲ್ಲಿ ಒಂದೇ ಲೆಕ್ಕ, ದೊಡ್ಡಕ್ಷರ ಸಣ್ಣಕ್ಷರವೂ ಒಂದೇ. ಆದರೆ ಪೈಥಾನ್ 3ರಲ್ಲಿ ಒಳಗಿನ ಫಂಕ್ಷನ್, ವೇರಿಯಬಲ್ ಹೆಸರುಗಳು ಕನ್ನಡದಲ್ಲಿರಬಹುದು. ರೀಡ್‌ಮಿ (ಪ್ಯಾಕೇಜಿನ ಪರಿಚಯದ ಫೈಲ್) ಪೂರ್ತಿ ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಮೇಲೆ ಎರಡು ಸಾಲು ಇಂಗ್ಲಿಷ್ ಇರಲಿ, ಹುಡುಕುವವರಿಗೆ ಸಿಗಬೇಕಲ್ಲ.