ಓಟ್ಸ್ ಮೇವು: ಎತ್ತರ ನೋಡಿ ತಳಿ ಆರಿಸಬೇಡಿ

ಪ್ರಶ್ನೆ: ನಮ್ಮದು ಜತ್ತ ತಾಲ್ಲೂಕು, ಮನೆಯಲ್ಲಿ ಆರು ಎಮ್ಮೆಗಳಿವೆ. ಕಳೆದ ಹಿಂಗಾರಿಯಲ್ಲಿ ಬಾವಿ ನೀರಿನ ಮೇಲೆ ಅರ್ಧ ಎಕರೆ ಕೆಂಟ್ ತಳಿ, ಪಕ್ಕದಲ್ಲೇ ಅರ್ಧ ಎಕರೆ ಫುಲೆ ಹರಿತಾ ತಳಿಯ ಓಟ್ಸ್ ಬಿತ್ತಿದ್ದೆ. ಹರಿತಾ ಎದೆಮಟ್ಟ ಬಂತು, ಕೆಂಟ್ ಗಿಡ್ಡಾಯಿತು. ಅಕ್ಕಲಕೋಟೆಯ ನಮ್ಮ ಬೀಗರ ಹೊಲದಲ್ಲಿ ಇದು ತಿರುವುಮುರುವು. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಹೊಲ, ಬೀಗರ ಹೊಲ ಎರಡರಲ್ಲೂ ಒಂದೇ ಕೊರತೆ ಇದೆ. ತಳಿಯ ಗುಣ ಎಷ್ಟು, ನೆಲದ ಗುಣ ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಎರೆಭೂಮಿಯಲ್ಲಿ ಕಾಲುವೆಯ ಬಾಯಿಗೆ ಹತ್ತಿರದ ಮಡಿ ನೀರು ಹೆಚ್ಚು ಕುಡಿಯುತ್ತದೆ. ಹಳೆಯ ತಿಪ್ಪೆಯ ಜಾಗ, ಬದುವಿನ ಬೇವಿನ ನೆರಳು ಬೇರೆ. ಇವುಗಳಲ್ಲಿ ಒಂದು ಯಾವ ತಳಿಯ ಪಾಲಿಗೆ ಬಿತ್ತೋ ಅದರ ಲೆಕ್ಕ ಕೆಡುತ್ತದೆ.

ಈ ಹಿಂಗಾರಿಯಲ್ಲಿ ಎರಡು ಗುಂಟೆ ಇದಕ್ಕೆ ಬಿಡಿ. 4 ಮೀಟರ್ ಉದ್ದ, 3 ಮೀಟರ್ ಅಗಲದ 12 ಮಡಿ ಮಾಡಿ, ಎರಡೆರಡರಂತೆ ಆರು ಜೋಡಿ. ಒಂದು ಜೋಡಿಯ ಎರಡೂ ಮಡಿಗಳಿಗೆ ಮಣ್ಣು, ಇಳಿಜಾರು, ನೀರು ಒಂದೇ ರೀತಿ ಸಿಗಬೇಕು. ಜೋಡಿಯೊಳಗೆ ಯಾವ ಮಡಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಿ. ಮನಸ್ಸಿಗೆ ಹಿಡಿಸಿದ ತಳಿಗೆ ಒಳ್ಳೆಯ ಮಡಿ ಕೊಡುವುದು ಎಲ್ಲರಿಗೂ ಗೊತ್ತಾಗದೇ ಆಗುವ ತಪ್ಪು.

ಮೂರು ಜೋಡಿ ಸಾಲದೇ? ಸಾಲದು. ಎರಡೂ ತಳಿ ನಿಜಕ್ಕೂ ಸಮವಾಗಿದ್ದರೂ, ಬರೀ ಅದೃಷ್ಟದಿಂದ ಒಂದೇ ತಳಿ ಮೂರಕ್ಕೆ ಮೂರೂ ಗೆಲ್ಲುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆರಕ್ಕೆ ಆರೂ ಗೆಲ್ಲುವ ಸಾಧ್ಯತೆ 32ರಲ್ಲಿ ಒಂದು. ಆಗ ಧೈರ್ಯದಿಂದ ಹೇಳಬಹುದು.

ಬೀಜದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೆಕ್ಟೇರಿಗೆ 100 ಕಿಲೋ ಎಂದರೆ, 25 ಸೆಂ.ಮೀ. ಅಂತರದ 12 ಸಾಲಿನ ಮಡಿಯಲ್ಲಿ ಸಾಲಿಗೆ 10 ಗ್ರಾಂ. ಆದರೆ ಸಾವಿರ ಕಾಳು 40 ಗ್ರಾಂ ತೂಗುವ ದಪ್ಪ ಬೀಜದಲ್ಲಿ ಆ 10 ಗ್ರಾಂಗೆ 250 ಕಾಳು. 30 ಗ್ರಾಂ ತೂಗುವ ಸಣ್ಣ ಬೀಜದಲ್ಲಿ 333 ಕಾಳು. ಸಣ್ಣ ಬೀಜದ ತಳಿ ಒತ್ತಾಗಿ ಹುಟ್ಟಿ, ಮೊದಲ ಕಟಾವಿಗೆ ಮುಂದಿದ್ದಂತೆ ಕಾಣುತ್ತದೆ. ಹಾಗಾಗಿ ಸಾವಿರ ಕಾಳು ಎಣಿಸಿ ತೂಗಿ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಸುತ್ತಿಟ್ಟು ಮೊಳಕೆಯನ್ನೂ ನೋಡಿ. ಮೊಳೆಯುವ ಕಾಳಿನ ಸಂಖ್ಯೆ ಎರಡಕ್ಕೂ ಒಂದೇ ಇರುವಂತೆ ಸಾಲಿನ ಬೀಜ ಅಳೆದುಕೊಂಡು ಕೈಯಿಂದ ಬಿತ್ತಿ. ಗೊಬ್ಬರವನ್ನೂ ಎರಚಬೇಡಿ, ಮಡಿಮಡಿಗೆ ತೂಗಿ ಕೊಡಿ. ಹೆಕ್ಟೇರಿಗೆ 40 ಕಿಲೋ ಸಾರಜನಕದ ಲೆಕ್ಕದಲ್ಲಿ ಬಿತ್ತುವಾಗ ಮಡಿಗೆ ಸುಮಾರು 105 ಗ್ರಾಂ ಯೂರಿಯಾ.

ಮೊದಲ ಕಟಾವು 50ರಿಂದ 55 ದಿನಕ್ಕೆ, ಎಲ್ಲ ಮಡಿಯೂ ಒಂದೇ ದಿನ, ನೆಲದಿಂದ 8ರಿಂದ 10 ಸೆಂ.ಮೀ. ಬಿಟ್ಟು. ಕುಡುಗೋಲು ನೆಲ ಸವರಿದರೆ ಬುಡದ ತೆಂಡೆ ಮತ್ತೆ ಚಿಗುರುವುದಿಲ್ಲ, ಎರಡನೇ ಕಟಾವಿನ ಹೋಲಿಕೆ ಅಲ್ಲಿಗೇ ಮುಗಿಯಿತು. ಅಂಚಿನ ಸಾಲುಗಳಿಗೆ ಬೆಳಕು, ನೀರು ಹೆಚ್ಚು. ಎರಡೂ ಬದಿಯ ಒಂದೊಂದು ಸಾಲು, ಎರಡೂ ತುದಿಯ ಅರ್ಧ ಮೀಟರ್ ಮೊದಲೇ ಕೊಯ್ದು ಎಮ್ಮೆಗೆ ಹಾಕಿ. ಉಳಿದ 7.5 ಚದರ ಮೀಟರನ್ನಷ್ಟೇ ತೂಗಿ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ, ಕೊಯ್ದ ತಕ್ಷಣ ತಕ್ಕಡಿಗೆ ಹಾಕಿ.

ಇಲ್ಲಿಗೆ ನಿಲ್ಲಿಸಿದರೆ ನೀವು ತೂಗಿದ್ದರಲ್ಲಿ ಬಹುಪಾಲು ನೀರು. ಪ್ರತಿ ಮಡಿಯಿಂದ 500 ಗ್ರಾಂ ಮೇವು ತೆಗೆದು, ಸಣ್ಣಗೆ ಕತ್ತರಿಸಿ, ಬಟ್ಟೆ ಚೀಲದಲ್ಲಿ ಬಿಸಿಲಿಗೆ ಒಣಗಿಸಿ. ಎರಡು ದಿನ ಸತತ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಎತ್ತರದ ತಳಿ ಮಡಿಗೆ 24 ಕಿಲೋ ಹಸಿ ಮೇವು ಕೊಟ್ಟು, ಅದರ 500 ಗ್ರಾಂ ಒಣಗಿ 75 ಗ್ರಾಂ ಆಯಿತು. ಗಿಡ್ಡ ತಳಿ 21 ಕಿಲೋ ಕೊಟ್ಟು, ಅದರ 500 ಗ್ರಾಂ ಒಣಗಿ 90 ಗ್ರಾಂ ಉಳಿಯಿತು. ಒಣ ಮೇವು ಕ್ರಮವಾಗಿ 3.60 ಕಿಲೋ, 3.78 ಕಿಲೋ. ಕಣ್ಣಿಗೆ ಸೋತದ್ದೇ ಗೋದಲಿಗೆ ಮುಂದು. ಎರಡನೇ ಕಟಾವಿಗೂ, ಅಂದರೆ ಅರ್ಧದಷ್ಟು ತೆನೆ ಹೂ ಬಿಟ್ಟಾಗ, ಇದನ್ನೇ ಮಾಡಿ. ಎರಡನ್ನೂ ಕೂಡಿಸಿಯೇ ತೀರ್ಮಾನಿಸಿ.

ಪ್ರಶ್ನೆ: ಪ್ರಾದೇಶಿಕ ಪ್ರಯೋಗಗಳ ಪಟ್ಟಿ ಸಿಕ್ಕಿದೆ. ಅದರಲ್ಲಿ ಮೇಲಿರುವ ತಳಿಯನ್ನೇ ತರಬಹುದೇ?

ಉತ್ತರ: ಮೊದಲು ಅದು ಒಂದೇ ಕಟಾವಿನ ಪ್ರಯೋಗವೋ ಹಲವು ಕಟಾವಿನದೋ ನೋಡಿ. ಈ ಎರಡರ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ. ಆಮೇಲೆ ದೇಶದ ಸರಾಸರಿ ಬಿಟ್ಟು, ನಿಮ್ಮ ಹವಾಮಾನಕ್ಕೆ ಹತ್ತಿರದ ರಾಹುರಿ, ಧಾರವಾಡದ ಕಾಲಂ ಇದ್ದರೆ ಅದನ್ನು ಓದಿ. ಕ್ವಿಂಟಲ್ ಲೆಕ್ಕಕ್ಕಿಂತ, ಅದೇ ಕಾಲಂನ ಹೋಲಿಕೆ ತಳಿಗಿಂತ (ಉಳಿದವನ್ನು ಅಳೆಯಲು ಜೊತೆಗೆ ಬಿತ್ತಿದ ಹಳೆಯ ತಳಿ) ಎಷ್ಟು ಶೇಕಡಾ ಹೆಚ್ಚು ಎಂಬುದು ನಿಮಗೆ ಬೇಕಾದ ಸಂಗತಿ. ಕೆಂಟ್ ಎಷ್ಟೋ ಪ್ರಯೋಗಗಳಲ್ಲಿ ಹೋಲಿಕೆ ತಳಿಯಾಗಿಯೇ ಇರುತ್ತದೆ. ಕೊನೆಗೆ ಪಟ್ಟಿಯ ಕೆಳಸಾಲಿನ ‘ಸಿ.ಡಿ.’ ನೋಡಿ. ಎರಡು ತಳಿಗಳ ಅಂತರ ಇದಕ್ಕಿಂತ ಕಡಿಮೆಯಿದ್ದರೆ ಅದು ಬರೀ ಅದೃಷ್ಟದ್ದೂ ಆಗಿರಬಹುದು. ಅದು 38 ಇದ್ದು, ಎರಡು ತಳಿಗಳ ಇಳುವರಿ 420, 445 ಎಂದಿದ್ದರೆ ಅವೆರಡೂ ಸಮ ಎಂದೇ ತಿಳಿಯಿರಿ, ಬೀಜ ಯಾವುದು ಸಲೀಸಾಗಿ, ಹೊಸದಾಗಿ ಸಿಗುತ್ತದೋ ಅದನ್ನು ತನ್ನಿ.