ಏಳು ತಿಂಗಳ ಮಗುವಿಗೆ ಕಿವಿ ಚುಚ್ಚಿಸಬೇಕು: ಆಚಾರ್ರಾ, ಗನ್ ಶಾಟಾ, ಡಾಕ್ಟರಾ?

ನಿಮ್ಮ ಪ್ರಶ್ನೆ ಓದಿದೆ. ಮಗಳಿಗೆ ಏಳು ತಿಂಗಳು. ಊರಿನ ಆಚಾರ್ರ ಕೈಲಿ ಚುಚ್ಚಿಸೋಣ ಅಂತ ನಿಮ್ಮ ಅತ್ತೆ, ಮಾಲ್‌ನಲ್ಲಿ ಗನ್ ಶಾಟ್ ಮಾಡಿಸಿದರೆ ಒಂದು ಸೆಕೆಂಡಿನ ಕೆಲಸ ಅಂತ ನಿಮ್ಮ ಗಂಡ, ಅವಳೇ ದೊಡ್ಡವಳಾಗಿ ಕೇಳಲಿ ಅಂತ ನೀವು. ಮೂವರಲ್ಲಿ ಯಾರ ಮಾತು ಸರಿ ಅಂತ ಕೇಳಿದ್ದೀರಿ.

ನಾನು ಹುಟ್ಟಿದ್ದೇ ಆಚಾರ್ರ ಮನೆಯಲ್ಲಿ. ತಿಪಟೂರು ಕಡೆ ನಮ್ಮ ತಾತ ಚಿನ್ನದ ಕೆಲಸ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಕಿವಿ ಚುಚ್ಚುತ್ತಿದ್ದವರೂ ಅವರೇ. ಈಗ ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಹಾಗಾಗಿ ಈ ವಿಷಯವನ್ನು ಎರಡೂ ಕಡೆಯಿಂದ ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗನ್ ಬೇಡವೇ ಬೇಡ. ಈಗಲೇ ಚುಚ್ಚಿಸುವುದಾದರೆ ಸೂಜಿಯಲ್ಲಿ ಚುಚ್ಚುವ ಡಾಕ್ಟರ್ ಹತ್ತಿರ ಹೋಗಿ. ಮಗುವಿಗೆ ವರ್ಷ ದಾಟಿತು ಅಂದರೆ ಆಮೇಲೆ ಅವಳೇ ಕೇಳುವ ತನಕ ಕಾಯಿರಿ.

ತಾತನ ಕೆಲಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಒಂಬತ್ತರೊಳಗೆ ಮಗುವನ್ನು ಕರೆದುಕೊಂಡು ಬನ್ನಿ ಅನ್ನುತ್ತಿದ್ದರು. ಮುಹೂರ್ತಕ್ಕೆ ಅಂತ ನಾವು ಅಂದುಕೊಂಡಿದ್ದೆವು. ಕಾರಣ ಬೇರೆ ಇತ್ತು. ಆ ಹೊತ್ತಿನಲ್ಲಿ ಪಡಸಾಲೆಗೆ ಓರೆಯಾಗಿ ಬಿಸಿಲು ಬೀಳುತ್ತಿತ್ತು. ಮಗುವನ್ನು ಸೋದರಮಾವನ ತೊಡೆ ಮೇಲೆ ಕೂರಿಸಿ, ಕಿವಿಯ ಹಾಲೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಹಾಲೆ ಕೆಂಪಗೆ ಬೆಳಗುತ್ತಿತ್ತು, ಒಳಗಿನ ರಕ್ತನಾಳಗಳು ಎಳೆ ಎಳೆಯಾಗಿ ಕಾಣುತ್ತಿದ್ದವು. ನಾಳ ಇಲ್ಲದ ಜಾಗ ಹುಡುಕಿ ಕಾಡಿಗೆಯಿಂದ ಚುಕ್ಕೆ ಇಡುತ್ತಿದ್ದರು. ಎರಡೂ ಕಿವಿ ಸಮ ಬಂತಾ ಅಂತ ಅಜ್ಜಿಯನ್ನು ಕರೆದು ತೋರಿಸುತ್ತಿದ್ದರು. ಆಮೇಲೆ ತುದಿ ಚೂಪು ಮಾಡಿದ ಚಿನ್ನದ ತಂತಿ ತೆಗೆಯುತ್ತಿದ್ದರು. ಚುಚ್ಚುವುದೂ ಅದೇ ತಂತಿ, ಇಕ್ಕಳದಲ್ಲಿ ಬಗ್ಗಿಸಿದರೆ ಮುರುವಾಗುವುದೂ ಅದೇ ತಂತಿ. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಒಂದು ಕಿವಿ ಮುಗಿದಿರುತ್ತಿತ್ತು.

ನರ್ಸಿಂಗ್ ಓದುವಾಗ ಆಯುರ್ವೇದದ ಪ್ರಾಚೀನ ಗ್ರಂಥ ಸುಶ್ರುತ ಸಂಹಿತೆಯಲ್ಲಿ ಕಿವಿ ಚುಚ್ಚುವ ಬಗ್ಗೆ ಏನಿದೆ ಅಂತ ತೆಗೆದು ನೋಡಿದೆ. ತಾತ ಮಾಡುತ್ತಿದ್ದುದೇ ಅಲ್ಲಿತ್ತು. ಆರನೇ ಅಥವಾ ಏಳನೇ ತಿಂಗಳಲ್ಲಿ ಚುಚ್ಚಬೇಕು. ಮಗುವನ್ನು ತೊಡೆ ಮೇಲೆ ಕೂರಿಸಿ ಆಟದ ಸಾಮಾನು ತೋರಿಸಿ ರಮಿಸಬೇಕು. ಬಿಸಿಲು ಹಾಯುವ ತೆಳು ಜಾಗದಲ್ಲೇ ನೇರವಾಗಿ, ನಿಧಾನವಾಗಿ ಚುಚ್ಚಬೇಕು. ರಕ್ತ ಜಾಸ್ತಿ ಬಂದರೆ, ನೋವು ಜಾಸ್ತಿ ಆದರೆ ಜಾಗ ತಪ್ಪಿತು ಅಂತ ತಿಳಿಯಬೇಕು. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಎಡಗಿವಿ. ಎಣ್ಣೆ ಹಾಕಿ, ಹತ್ತಿಯ ಬತ್ತಿ ಇಟ್ಟು, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪದ ಬತ್ತಿ ಬದಲಾಯಿಸಬೇಕು. ಇಷ್ಟು ಹಿಂದೆಯೇ ಮಗುವನ್ನು ರಮಿಸುವುದನ್ನೂ ವಿಧಾನದ ಒಂದು ಭಾಗವಾಗಿ ಬರೆದಿಟ್ಟಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಹಾಗಾದರೆ ಅತ್ತೆಯ ಮಾತೇ ಸರಿ ಅಲ್ವಾ ಅನ್ನಬಹುದು. ಕೈಚಳಕದ ಮಟ್ಟಿಗೆ ಹೌದು. ಆದರೆ ತಾತನ ಕೆಲಸದಲ್ಲಿದ್ದ ಒಂದು ದೊಡ್ಡ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ. ಒಳ್ಳೆಯ ದಿನ ಬಂತೆಂದರೆ ಒಂದೇ ಬೆಳಿಗ್ಗೆ ಎಂಟು ಹತ್ತು ಮಕ್ಕಳು ಬರುತ್ತಿದ್ದರು. ಪ್ರತಿ ಮಗುವಿಗೂ ತಂತಿ ಹೊಸದು, ಸರಿ. ಆದರೆ ಇಕ್ಕಳ ಒಂದೇ. ಅದನ್ನು ಒರೆಸುವ ಬಟ್ಟೆಯೂ ಒಂದೇ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕಡಿಮೆ ಅಂದರೆ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ತಾತನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ಖಂಡಿತ ಹಾಗೆ ಮಾಡುತ್ತಿರಲಿಲ್ಲ. ಇವತ್ತಿಗೂ ಕೆಲವು ಕಡೆ ತಂತಿಯನ್ನು ದೀಪದ ಉರಿಗೆ ಒಮ್ಮೆ ತೋರಿಸಿ, ಆಮೇಲೆ ಅದೇ ತುದಿಯನ್ನು ಬೆರಳಲ್ಲಿ ಒರೆಸಿ ಚುಚ್ಚುತ್ತಾರೆ. ಉರಿಗೆ ತೋರಿಸಿದ್ದು ಅಲ್ಲಿಗೆ ವ್ಯರ್ಥ ಆಯಿತು.

ಇನ್ನು ಗನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಒಂದೇ ಸೆಕೆಂಡು, ನೋವಿಲ್ಲ ಅನ್ನುವ ಮಾತಿಗೆ ಮರುಳಾಗುವವರು ತುಂಬಾ ಜನ.

ಸೂಜಿಯ ತುದಿ ಚೂಪಾಗಿರುತ್ತದೆ, ಅದು ಚರ್ಮವನ್ನು ಕೊಯ್ದು ದಾರಿ ಮಾಡಿಕೊಳ್ಳುತ್ತದೆ. ಗನ್‌ನಲ್ಲಿ ಸೂಜಿಯೇ ಇಲ್ಲ. ಓಲೆಯ ಕಡ್ಡಿಯನ್ನೇ ಸ್ಪ್ರಿಂಗ್ ಬಲದಿಂದ ಹಾಲೆಯೊಳಗೆ ನುಗ್ಗಿಸುತ್ತಾರೆ. ಅದರ ತುದಿ ಸೂಜಿಯಷ್ಟು ಚೂಪಿಲ್ಲ. ಹಾಗಾಗಿ ಮಾಂಸ ಜಜ್ಜಿಹೋಗುತ್ತದೆ, ಊತ ಜಾಸ್ತಿ ಬರುತ್ತದೆ. ಅಷ್ಟೇ ಅಲ್ಲ, ಹಳೇ ಮಾದರಿಯ ಗನ್ನಿನ ಮೈ ಪ್ಲಾಸ್ಟಿಕ್ಕಿನದು. ನಮ್ಮಲ್ಲಿ ಸಾಮಾನುಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆಯಲ್ಲಿ ಇಟ್ಟು ಶುದ್ಧ ಮಾಡುತ್ತೇವೆ. ಆ ಗನ್ ಅಲ್ಲಿಟ್ಟರೆ ಕರಗಿ ಸೊಟ್ಟಗಾಗುತ್ತದೆ. ಅದಕ್ಕೆ ಅಂಗಡಿಯವರು ಸ್ಪಿರಿಟ್‌ನಲ್ಲಿ ಮೇಲೆ ಮೇಲೆ ಒರೆಸುತ್ತಾರೆ. ಒಳಗಿನ ಸಂದಿಗೆ ಹೋದ ರಕ್ತ ಅಲ್ಲೇ ಉಳಿಯುತ್ತದೆ. ಒಬ್ಬರಿಗೆ ಬಳಸಿ ಬಿಸಾಡುವ, ಮೊದಲೇ ಶುದ್ಧ ಮಾಡಿ ಸೀಲ್ ಮಾಡಿದ ಕ್ಯಾಸೆಟ್ ಬರುವ ಹೊಸ ಮಾದರಿಗಳೂ ಇವೆ. ಅವು ಹಳೇ ಗನ್‌ಗಿಂತ ವಾಸಿ. ಆದರೂ ಕೂಸಿನ ಕಿವಿಗೆ ನಾನು ಸೂಜಿಯನ್ನೇ ಹೇಳುತ್ತೇನೆ.

ಮೂರನೆಯ ತೊಂದರೆ ಹಿಂದಿನ ತಿರುಪಿನದು. ಗನ್ ಅದನ್ನು ಹಾಲೆಗೆ ಅಂಟಿಸಿದ ಹಾಗೆ ಬಿಗಿಯಾಗಿ ಕೂರಿಸುತ್ತದೆ. ಊತ ಬಂದರೆ ಹಿಗ್ಗಲು ಜಾಗವೇ ಇರುವುದಿಲ್ಲ. ಒಮ್ಮೆ ನಮ್ಮ ವಾರ್ಡಿಗೆ ಐದು ವರ್ಷದ ಹುಡುಗಿ ಬಂದಳು. ಎಂಟು ದಿನದ ಹಿಂದೆ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಗನ್ ಶಾಟ್ ಮಾಡಿಸಿದ್ದರು. ಬಲಗಿವಿಯ ಓಲೆ ಬಿದ್ದುಹೋಗಿದೆ ಅಂತ ಅಮ್ಮ ಅಂದುಕೊಂಡಿದ್ದರು. ಬಿದ್ದಿರಲಿಲ್ಲ. ಹಲಸಿನ ತೊಳೆಯೊಳಗೆ ಬೀಜ ಕೂತ ಹಾಗೆ ಓಲೆ ಹಾಲೆಯೊಳಗೇ ಮುಳುಗಿತ್ತು. ಮುಂದೆ ಒಂದು ಸಣ್ಣ ತೂತು, ಅದರಿಂದ ಕೀವು. ಡಾಕ್ಟರ್ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣ ಚಿಮಟದಲ್ಲಿ ಹಿಂದಿನಿಂದ ನಿಧಾನವಾಗಿ ಹೊರಗೆ ಎಳೆದರು. ಆ ಮಗು ನನ್ನ ಹೆಬ್ಬೆರಳು ಹಿಡಿದುಕೊಂಡಿತ್ತು. ಮುಗಿದ ಮೇಲೂ ಬಿಡಲಿಲ್ಲ.

ಕಿವಿಯ ಮೇಲ್ಭಾಗದ ಗಟ್ಟಿ ಭಾಗಕ್ಕಂತೂ, ಅದೇ ಬುಗುಡಿ ಹಾಕುವ ಜಾಗಕ್ಕೆ, ಗನ್ ಹತ್ತಿರಕ್ಕೂ ಬರಬಾರದು. ಅಲ್ಲಿ ಇರುವುದು ಮೃದುವಾದ ಎಲುಬು. ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಸೋಂಕು ಬಂದರೆ ಔಷಧಿ ಅಲ್ಲಿಗೆ ಮುಟ್ಟುವುದು ಕಷ್ಟ, ಕಿವಿಯ ಆಕಾರವೇ ಮುದುಡಿಹೋಗಬಹುದು. 2000ದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಒಂದೇ ಅಂಗಡಿಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡ 7 ಜನರಿಗೆ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಆಗಿದ್ದು ಖಚಿತವಾಯಿತು. ಹುಡುಕುತ್ತಾ ಹೋದರೆ, ಶುದ್ಧ ಮಾಡಲು ಇಟ್ಟಿದ್ದ ಸ್ಪ್ರೇ ಬಾಟಲಿಯಲ್ಲೇ ಆ ಬ್ಯಾಕ್ಟೀರಿಯಾ ಇತ್ತು. ಅಂಗಡಿಯಲ್ಲಿ ಸ್ಪ್ರೇ ಹೊಡೆದರು ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ ಅಂತ ಇದಕ್ಕೇ ಹೇಳುವುದು.

ಡಾಕ್ಟರ್ ಹತ್ತಿರ ಹೋದರೂ ಒಂದು ಮಾತು ಕೇಳಲೇಬೇಕು: ಯಾವುದರಲ್ಲಿ ಚುಚ್ಚುತ್ತೀರಿ? ಎಷ್ಟೋ ಕ್ಲಿನಿಕ್‌ಗಳಲ್ಲೂ ಅದೇ ಗನ್ ಇಟ್ಟುಕೊಂಡಿರುತ್ತಾರೆ. ಡ್ರಿಪ್ ಹಾಕುವ ಕ್ಯಾನುಲಾ ಗೊತ್ತಲ್ಲ, ಅದರಲ್ಲಿ ಚುಚ್ಚುವುದು ಒಳ್ಳೆಯ ವಿಧಾನ. ಸೂಜಿ ಹಾಲೆಯನ್ನು ದಾಟಿದ ಮೇಲೆ ಅದನ್ನು ಎಳೆದುಕೊಳ್ಳುತ್ತಾರೆ. ತೆಳುವಾದ ಪ್ಲಾಸ್ಟಿಕ್ ಕೊಳವೆ ಕಿವಿಯಲ್ಲೇ ಉಳಿಯುತ್ತದೆ. ಓಲೆಯ ಕಡ್ಡಿಯನ್ನು ಅದಕ್ಕೆ ಸಿಕ್ಕಿಸಿ ಕೊಳವೆ ಎಳೆದರೆ ಓಲೆ ತಾನಾಗಿ ಕೂರುತ್ತದೆ. ಸೂಜಿ ಹೊಸದು, ಕವರ್ ನಿಮ್ಮ ಕಣ್ಣೆದುರೇ ಹರಿಯುತ್ತಾರೆ, ಬಳಸಿ ಬಿಸಾಡುತ್ತಾರೆ. ಮರಗಟ್ಟಿಸುವ ಕ್ರೀಮನ್ನು ಮಾತ್ರ ನೀವೇ ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಬಳಿಯಬೇಡಿ. ಕೂಸುಗಳಿಗೆ ಅದು ಜಾಸ್ತಿಯಾದರೆ ರಕ್ತ ಆಮ್ಲಜನಕ ಒಯ್ಯುವುದಕ್ಕೇ ತೊಂದರೆ ಆಗುತ್ತದೆ. ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಅಂತ ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು. ಚುಚ್ಚಿದ ತಕ್ಷಣ ಎದೆಹಾಲು ಕೊಡಿ, ಅದಕ್ಕಿಂತ ಒಳ್ಳೆ ಸಮಾಧಾನ ಇಲ್ಲ.

ವಯಸ್ಸಿನ ವಿಷಯಕ್ಕೆ ಬರುತ್ತೇನೆ. ನಾಮಕರಣದ ದಿನವೇ ಚುಚ್ಚಿಸುವವರಿದ್ದಾರೆ. ದಯವಿಟ್ಟು ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸುಮ್ನೆ ಬಿಡುವ ಹಾಗಿಲ್ಲ, ಆಸ್ಪತ್ರೆಗೆ ಓಡಲೇಬೇಕು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಪೆಂಟಾವೇಲೆಂಟ್ 6, 10 ಮತ್ತು 14ನೇ ವಾರಕ್ಕೆ ಇದೆ. ಧನುರ್ವಾಯು, ಹೆಪಟೈಟಿಸ್ ಬಿ ಎರಡಕ್ಕೂ ಅದರಲ್ಲೇ ರಕ್ಷಣೆ. ಮೂರೂ ಡೋಸ್ ಆದ ಮೇಲೆ ಯೋಚಿಸಿ. ನಿಮ್ಮ ಮಗಳಿಗೆ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿಕೊಳ್ಳಿ.

ಈಗ ನಿಮ್ಮ ಮಾತು, ಅವಳೇ ಕೇಳಲಿ ಅನ್ನುವುದು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಕಿವಿ ಅವಳದು. ಲಸಿಕೆ ಚುಚ್ಚಿಸುವುದು ಅವಳ ಪ್ರಾಣಕ್ಕೆ. ಓಲೆ ಹಾಗಲ್ಲ, ಅದು ನಮ್ಮ ಆಸೆ. ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿಯೂ ಮಗು ತನ್ನ ಕಿವಿಯನ್ನು ತಾನೇ ನೋಡಿಕೊಳ್ಳುವಷ್ಟು ದೊಡ್ಡದಾಗುವ ತನಕ ಕಾಯುವುದು ಒಳ್ಳೆಯದು ಅನ್ನುತ್ತದೆ. ಕಿವಿ ಚುಚ್ಚಿದರೆ ಬುದ್ಧಿ ಚುರುಕಾಗುತ್ತದೆ, ಕಣ್ಣು ಚೆನ್ನಾಗಿ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಅವಸರ ಮಾಡಬೇಡಿ. ಅದಕ್ಕೆ ಆಧಾರ ಇಲ್ಲ. ಆದರೆ ಶುದ್ಧ ಸೂಜಿಯಲ್ಲಿ, ತಾಯಿಯ ತೊಡೆ ಮೇಲೆ, ಎರಡು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಕ್ರೌರ್ಯ ಅಂತಲೂ ನಾನು ಅನ್ನುವುದಿಲ್ಲ. ಮನೆತನದ ಸಂಭ್ರಮಕ್ಕೂ ಒಂದು ಬೆಲೆ ಇದೆ.

ನನಗೆ ಸರಿ ಕಾಣದಿರುವುದು ಒಂದರಿಂದ ಐದು ವರ್ಷದ ಮಕ್ಕಳಿಗೆ ಮಾಡುವುದು. ಆ ವಯಸ್ಸಿಗೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಬೇಡ ಅಂತ ಬಾಯಿ ಬಿಟ್ಟು ಹೇಳುತ್ತವೆ. ಆಗ ನಾಲ್ಕು ಜನ ಕೈಕಾಲು ಅದುಮಿ ಹಿಡಿಯುತ್ತಾರೆ. ಆ ಮಗು ಮುಂದೆ ಇಂಜೆಕ್ಷನ್ ಅಂದರೆ, ಬಿಳಿ ಕೋಟು ಅಂದರೆ ಬೆಚ್ಚಿಬೀಳುತ್ತದೆ. ವಾರ್ಡಿನಲ್ಲಿ ಇಂಥ ಮಕ್ಕಳನ್ನು ಎಷ್ಟು ಸಲ ನೋಡಿದ್ದೇನೋ.

ನನ್ನ ಮಗಳ ವಿಷಯದಲ್ಲಿ ನಾನು ಕಾದೆ. ಮದುವೆ ಮನೆಗಳಲ್ಲಿ "ಆಚಾರ್ರ ಮನೆ ಹೆಣ್ಣುಮಗು, ಬೋಳು ಕಿವಿ" ಅಂತ ಎಲ್ಲರೂ ಅಂದರು. ಆರು ವರ್ಷಕ್ಕೆ ಅವಳೇ ಕೇಳಿದಳು. ನೋವಾಗುತ್ತದೆ, ಹತ್ತು ಎಣಿಸುವಷ್ಟು ಹೊತ್ತು ಇರುತ್ತದೆ ಅಂತ ನಿಜ ಹೇಳಿದೆ. ಎಡಗಿವಿ ಆಯಿತು. ಅವಳ ಕಣ್ಣಲ್ಲಿ ನೀರು ತುಂಬಿತು, "ಸಾಕಮ್ಮ, ಇನ್ನೊಂದು ಬೇಡ" ಅಂದಳು. ನಮ್ಮ ಅಮ್ಮ, ಹಿಡ್ಕೊಳ್ಳೇ ಒಂದು ನಿಮಿಷ ಅಂದರು. ನಾನು ಹಿಡಿಯಲಿಲ್ಲ. ಒಂದೇ ಓಲೆಯಲ್ಲಿ ಮನೆಗೆ ಬಂದೆವು. ಹದಿನೈದು ದಿನ ಒಂದೇ ಓಲೆಯಲ್ಲೇ ಸ್ಕೂಲಿಗೆ ಹೋದಳು. ಒಂದು ಭಾನುವಾರ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, "ಇವತ್ತು ಆ ಕಿವಿಗೆ ಹೋಗೋಣ" ಅಂದಳು. ಆ ಸಲ ಅಳಲಿಲ್ಲ.

ಕಾಯುವುದಾದರೂ ತೀರಾ ತಡ ಮಾಡಬೇಡಿ ಅಂತ ಒಂದು ಮಾತು. ಗಾಯದ ಕಲೆ ಗಂಟು ಗಂಟಾಗಿ ಬೆಳೆಯುವ ಕೀಲಾಯ್ಡ್ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. 11 ವರ್ಷ ದಾಟಿದ ಮೇಲೆ ಚುಚ್ಚಿಸಿಕೊಂಡವರಲ್ಲಿ ಅದು ಜಾಸ್ತಿ ಕಾಣಿಸಿಕೊಳ್ಳುತ್ತದೆ.

ಓಲೆಗೆ 22 ಕ್ಯಾರೆಟ್ ಚಿನ್ನ ಒಳ್ಳೆಯದು. ವೈಟ್ ಗೋಲ್ಡ್‌ನಲ್ಲಿ, ಫ್ಯಾನ್ಸಿ ಓಲೆಯಲ್ಲಿ ನಿಕಲ್ ಇರಬಹುದು. ಒಮ್ಮೆ ನಿಕಲ್ ಅಲರ್ಜಿ ಅಂಟಿಕೊಂಡರೆ ಜೀವನವಿಡೀ ಬಿಡುವುದಿಲ್ಲ, ವಾಚಿನ ಪಟ್ಟಿ, ಪ್ಯಾಂಟಿನ ಗುಂಡಿ ತಾಗಿದರೂ ತುರಿಕೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಮಕ್ಕಳ ಓಲೆ ಸಾಮಾನ್ಯವಾಗಿ ಅಷ್ಟೂ ತೂಗುವುದಿಲ್ಲ, ಅದಕ್ಕೆ ನಂಬಿಕೆಯ ಕಡೆಯೇ ಕೊಳ್ಳಿ. ಜೋತಾಡುವ ಝುಮಕಿ ಈಗಲೇ ಬೇಡ, ಮಗುವೇ ಕೈ ಹಾಕಿ ಎಳೆಯುತ್ತದೆ. ತಿರುಪು ಭದ್ರವಾಗಿರಲಿ, ಬಿದ್ದರೆ ಅದು ನೇರ ಬಾಯಿಗೇ ಹೋಗುವುದು.

ಆಮೇಲಿನ ಆರೈಕೆ ಕಷ್ಟವೇನಲ್ಲ. ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಟೀ ಚಮಚ ಉಪ್ಪು. ದಿನಕ್ಕೆರಡು ಸಲ, ಕೈ ಸೋಪಿನಲ್ಲಿ ತೊಳೆದುಕೊಂಡು, ಹತ್ತಿಯಲ್ಲಿ ಅದ್ದಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಕಡ್ಡಿ ಯಾವುದೂ ಬೇಡ. ಎಣ್ಣೆಗೆ ಧೂಳು ಅಂಟುತ್ತದೆ, ಕಡ್ಡಿಯ ಸಿಬಿರು ಒಳಗೇ ಉಳಿಯುತ್ತದೆ. ದಿನಾ ಓಲೆ ತಿರುಗಿಸಬೇಕು ಅನ್ನುವುದು ಹಳೇ ಮಾತು. ತಿರುಗಿಸಿದಷ್ಟೂ ಮಾಯುತ್ತಿರುವ ಗಾಯ ಕೆದಕಿದ ಹಾಗೆ. ಆರರಿಂದ ಎಂಟು ವಾರ ಓಲೆ ತೆಗೆಯಬೇಡಿ. ಸ್ವಲ್ಪ ತಿಳಿ ಹಳದಿ ಹಕ್ಕಳೆ ಕಟ್ಟಿದರೆ ಗಾಬರಿ ಇಲ್ಲ. ಕೆಂಪು ಹರಡಿದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ತೋರಿಸಿ. ಆಗ ಹೆದರಿ ಓಲೆ ಕಿತ್ತು ಹಾಕಬೇಡಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿಯುತ್ತದೆ. ತೆಗೆಯಬೇಕಾ ಬೇಡವಾ ಅಂತ ಡಾಕ್ಟರ್ ನೋಡಿ ಹೇಳಲಿ.

ನಿಮ್ಮ ಅತ್ತೆಯವರಿಗೆ ಬೇಜಾರಾಗದ ಹಾಗೆ ಒಂದು ದಾರಿ ಇದೆ, ನಮ್ಮ ನೆಂಟರಲ್ಲಿ ಈಗ ಹೀಗೇ ಮಾಡುತ್ತಾರೆ. ಓಲೆಯನ್ನು ನಿಮ್ಮೂರಿನ ಆಚಾರ್ರ ಕೈಲೇ ಮಾಡಿಸಿ. ಚುಚ್ಚುವ ದಿನ ಸೋದರಮಾವನೂ ಬರಲಿ, ಕ್ಲಿನಿಕ್‌ನಲ್ಲೂ ಅವನ ತೊಡೆ ಮೇಲೇ ಕೂರಿಸಬಹುದು. ಆರತಿ, ಹೋಳಿಗೆ ಎಲ್ಲ ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ. ಆಚಾರ್ರಿಗೆ ಓಲೆ ಹೇಳುವಾಗ ಕಡ್ಡಿ ಒಂದೆರಡು ಮಿಲಿಮೀಟರ್ ಜಾಸ್ತಿಯೇ ಉದ್ದ ಇರಲಿ, ಕಿವಿ ಊದಿದರೆ ಒತ್ತಬಾರದು ಅನ್ನಿ. ಅವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಯೇ ಇರುವುದಿಲ್ಲ.