ಪ್ರಶ್ನೋತ್ತರ: ಟರ್ಕಿಯನ್ನು ಬೆಟ್ಟಕ್ಕೆ ಬಿಡಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ನಾಶದ ಅಂಚಿಗೆ ಬಂದಿದ್ದ ಕಾಡು ಟರ್ಕಿಯನ್ನು ಸಾಕಿ, ಕಾಡಿಗೆ ಬಿಟ್ಟು ಉಳಿಸಿಕೊಂಡರಂತೆ. ನಮ್ಮಲ್ಲಿ ಟರ್ಕಿ ಕೋಳಿಗಳಿವೆ. ಒಂದಿಪ್ಪತ್ತನ್ನು ಹತ್ತಿರದ ಬೆಟ್ಟಕ್ಕೆ ಬಿಟ್ಟರೆ ಬದುಕುತ್ತವೆಯೇ?
– ಮಧುಗಿರಿ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಬಿಡಬೇಡಿ. ನೀವು ಕೇಳಿರುವುದು ಅರ್ಧ ಸತ್ಯ. ಬೇಟೆ ಮತ್ತು ಕಾಡು ಕಡಿತದಿಂದ 1930ರ ಹೊತ್ತಿಗೆ ಅಲ್ಲಿ ಟರ್ಕಿ ತೀರಾ ಕಡಿಮೆಯಾಗಿದ್ದು ನಿಜ. ಫಾರಂನಲ್ಲಿ ಬೆಳೆಸಿದ ಹಕ್ಕಿಗಳನ್ನು ಲಕ್ಷಗಟ್ಟಲೆ ಬಿಟ್ಟದ್ದೂ ನಿಜ. ಆದರೆ ಅವು ನೆಲೆ ನಿಲ್ಲಲಿಲ್ಲ.

ಮೊಟ್ಟೆಯೊಡೆದು ಬಂದ ಮರಿ ಮೊದಲ ಎರಡು ವಾರ ನೆಲದ ಮೇಲೆ ತಾಯಿಯ ರೆಕ್ಕೆಯಡಿ ಮಲಗುತ್ತದೆ, ಆಮೇಲೆ ಅವಳ ಜೊತೆ ಮರ ಹತ್ತುತ್ತದೆ. ಗಿಡುಗ ಬಂದರೆ ಯಾವ ಕೂಗಿಗೆ ಅಲುಗಾಡದೆ ಕೂರಬೇಕು, ಹುಳು ಎಲ್ಲಿ ಸಿಗುತ್ತದೆ ಎಂಬುದೆಲ್ಲ ತಾಯಿಯಿಂದಲೇ ಬರಬೇಕು. ಬಲ್ಬಿನ ಕೆಳಗೆ ಬೆಳೆದ ಮರಿಗೆ ಮನುಷ್ಯ ಕಂಡರೆ ಮೇವು ನೆನಪಾಗುತ್ತದೆ, ನರಿ ಕಂಡರೆ ಏನೂ ನೆನಪಾಗುವುದಿಲ್ಲ.

ಫಲ ಕೊಟ್ಟದ್ದು ಕಾಡಿನ ಹಕ್ಕಿಯನ್ನೇ ಹಿಡಿದು ಸಾಗಿಸುವ ಕ್ರಮ. 1950ರ ದಶಕದಿಂದ ಇದು ಹಬ್ಬಿತು. ಬಯಲಲ್ಲಿ ಜೋಳ ಚೆಲ್ಲಿ ಕೆಲವು ದಿನ ರೂಢಿ ಮಾಡಿಸುತ್ತಾರೆ. ಪಕ್ಕದಲ್ಲಿ ಮಡಚಿ, ಸೊಪ್ಪು ಮುಚ್ಚಿಟ್ಟ ಬಲೆಯನ್ನು ಹಿಂಡು ತಲೆ ತಗ್ಗಿಸಿ ಮೇಯುವಾಗ ಸಿಡಿಮದ್ದಿನಿಂದ ಮೇಲೆ ಹಾರಿಸುತ್ತಾರೆ. ಹಿಡಿದದ್ದನ್ನು ಒಂದು ಪೆಟ್ಟಿಗೆಗೆ ಒಂದರಂತೆ ಹಾಕಿ, ಬೇಗ ಸಾಗಿಸಿ, ಹೆಣ್ಣು ಹೆಚ್ಚಿರುವ ಹತ್ತು-ಹದಿನೈದರ ಗುಂಪನ್ನು ಮೊಟ್ಟೆಯ ಕಾಲಕ್ಕೆ ಮುಂಚೆ ಹೊಸ ಕಾಡಿಗೆ ಬಿಡುತ್ತಾರೆ.

ನಮ್ಮ ಬೆಟ್ಟಗಳಿಗಂತೂ ಟರ್ಕಿ ಹೊರಗಿನದು. ಮಾಂಸಕ್ಕೆ ಬೆಳೆಸುವ ಅಗಲ ಎದೆಯ ಬಿಳಿ ತಳಿ ಹಾರಲಾರದು, ತಾನಾಗಿ ಕೂಡಲೂ ಆರದು. ಬದುಕಿಬಿಟ್ಟರೆ ಇನ್ನೂ ತೊಂದರೆ, ಏಕೆಂದರೆ ಅದರ ಹಿಕ್ಕೆಯಿಂದ ಕರುಳನ್ನೂ ಪಿತ್ತಜನಕಾಂಗವನ್ನೂ ಕೆಡಿಸುವ ಬ್ಲ್ಯಾಕ್‌ಹೆಡ್ ರೋಗ ನವಿಲಿಗೂ ಕೌಜುಗಕ್ಕೂ ತಗಲಬಹುದು.

ಪ್ರಶ್ನೆ: ಟರ್ಕಿ ಮರಿಗಳು ಮೊದಲ ವಾರದಲ್ಲೇ ಒಂದೊಂದಾಗಿ ಸಾಯುತ್ತಿವೆ. ರೋಗದ ಲಕ್ಷಣ ಕಾಣುವುದಿಲ್ಲ.
– ಗೌರಿಬಿದನೂರಿನ ಓದುಗರು

ಉತ್ತರ: ಬಹುಶಃ ಹಸಿವು. ಟರ್ಕಿ ಮರಿಗೆ ಆರಂಭದಲ್ಲಿ ಕಣ್ಣು ಮಂದ, ಮೇವಿನ ತಟ್ಟೆ ಮುಂದಿದ್ದರೂ ತಿನ್ನುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಮುಗಿದ ಮೇಲೆ ಸಾಯುತ್ತದೆ. ಸತ್ತ ಮರಿಯ ಮೇವಿನ ಚೀಲ ಮುಟ್ಟಿ ನೋಡಿ, ಬರಿದಾಗಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಮೊದಲ ಹದಿನೈದು ದಿನ ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡಿ. ಕುಡಿಯುವ ನೀರಿಗೆ ಲೀಟರಿಗೆ 100 ಮಿ.ಲೀ. ಹಾಲು ಬೆರೆಸಿ, ದಿನಕ್ಕೆರಡು ಸಲ ಹೊಸದಾಗಿ ಇಡಿ. ಬೇಸಗೆಯಲ್ಲಿ ಹಾಲು ಬೇಗ ಕೆಡುತ್ತದೆ. ಹಸಿರು ಬಣ್ಣ ಅವುಗಳನ್ನು ಸೆಳೆಯುವುದರಿಂದ ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮೇವಿನ ಮೇಲೆ ಉದುರಿಸಿ. ತಟ್ಟೆಯಲ್ಲಿ ಬಣ್ಣದ ಗೋಲಿ ಹಾಕಿದರೂ ಕುಕ್ಕಲು ಕಲಿಯುತ್ತವೆ. ಬ್ರಾಯ್ಲರ್ ಮೇವೊಂದೇ ಸಾಲದು, ಟರ್ಕಿ ಮರಿಗೆ ಸುಮಾರು 28 ಶೇಕಡ ಪ್ರೋಟೀನ್ ಬೇಕು. ಬ್ರೂಡರಿನಲ್ಲಿ (ಮರಿಗಳನ್ನು ಬೆಚ್ಚಗಿಡುವ ಗೂಡಿನಲ್ಲಿ) ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇಟ್ಟು, ವಾರಕ್ಕೆ ಮೂರು ಡಿಗ್ರಿ ಇಳಿಸಿ. ಮರಿಗಳು ಬಲ್ಬಿನಡಿ ಒತ್ತಿಕೊಂಡರೆ ಚಳಿ, ಗೋಡೆ ಸೇರಿದರೆ ಸೆಕೆ.

ತಿನ್ನುವುದನ್ನು ಕಲಿಸಲು ಕೋಳಿಮರಿ ಬಿಡಿ ಎಂದು ಕೆಲವರು ಹೇಳುತ್ತಾರೆ. ನಾವು ಬೇಡ ಎನ್ನುತ್ತೇವೆ, ಬದಲಿಗೆ ವಾರ ದಾಟಿದ ಟರ್ಕಿ ಮರಿ ಬಿಡಿ. ಬ್ಲ್ಯಾಕ್‌ಹೆಡ್ ಜೀವಿ ಕೋಳಿಯ ಕರುಳಿನ ಜಂತುವಿನ ಮೊಟ್ಟೆಯೊಳಗೆ ಅಡಗಿ ಹರಡುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಎರೆಹುಳುವಿನ ಮೂಲಕವೂ ಸೇರುತ್ತದೆ. ಹಾಗಾಗಿ ಕೋಳಿ ಓಡಾಡಿದ ಅಂಗಳವೂ ಟರ್ಕಿಗೆ ಬೇಡ. ಗಂಧಕದ ಹಳದಿ ಬಣ್ಣದ ಹಿಕ್ಕೆ ಕಂಡ ದಿನವೇ ಪಶುವೈದ್ಯರನ್ನು ಕಾಣಿ.

ಪ್ರಶ್ನೆ: ಉಳುವಾಗ ಕೌಜುಗದ ಮೊಟ್ಟೆ ಸಿಗುತ್ತವೆ. ನಾಟಿ ಕೋಳಿಗೆ ಕಾವು ಕೂರಿಸಿ, ಮರಿ ಬೆಳೆಸಿ ಬಿಡಬಹುದೇ?
– ಮುಳಬಾಗಿಲಿನ ಓದುಗರು

ಉತ್ತರ: ಅನುಮತಿಯಿಲ್ಲದೆ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಒತ್ತಟ್ಟಿಗಿರಲಿ, ಕೋಳಿ ಸಾಕಿದ ಮರಿಗೂ ಮೇಲಿನ ಟರ್ಕಿಯ ಗತಿಯೇ. ಕೌಜುಗದ ಕಾವು ಸುಮಾರು 18-19 ದಿನ. ಗೂಡಿನ ಸುತ್ತ ಎರಡು ಮಾರು ನೆಲ ಉಳದೆ ಬಿಟ್ಟು, ಮೂರು ವಾರ ಆ ಕಡೆ ನಾಯಿ ಸುಳಿಯದಂತೆ ನೋಡಿಕೊಳ್ಳಿ. ಬದುವಿನ ಹುಲ್ಲಿಗೆ ಬೆಂಕಿ ಹಾಕಬೇಡಿ, ಕಾರೆ-ಕತ್ತಾಳೆ ಬೇಲಿ ಕಿತ್ತು ತಂತಿ ಎಳೆಯಬೇಡಿ. ಮರಿಗಳು ಗೆದ್ದಲು, ಹುಳು ತಿಂದೇ ಬೆಳೆಯಬೇಕು. ಆದ್ದರಿಂದ ಬೆಳೆಗೆ ಔಷಧಿ ಹೊಡೆಯಲೇಬೇಕಾದಾಗ ಬದುವಿನ ಕಡೆಯ ಎರಡು ಸಾಲು ಬಿಟ್ಟು ಹೊಡೆಯಿರಿ.